ಹಾಯಿಕಂಬಕ್ಕೆ ಭಂಡಾರ

ಬಟ್ಟೆ ಒಣಹಾಕುವ ತಂತಿಗೆ ಯಾರೂ ಕೈಮುಗಿಯುವುದಿಲ್ಲ. ನಮ್ಮ ಮನೆಯಲ್ಲಿ ಮುಗಿಯುತ್ತೇವೆ. ಹಿತ್ತಲಿನ ಬೇವಿನ ಮರದಿಂದ ಬಚ್ಚಲುಗೋಡೆಯ ಮೊಳೆಯವರೆಗೆ ಬಿಗಿದಿರುವ ಆ ಸ್ಟೀಲ್ ತಂತಿಗೆ ಪ್ರತಿ ಭಾನುವಾರ ನಮ್ಮ ಮಾವ ಅರಿಶಿನ ಹಚ್ಚುತ್ತಾರೆ. ನಾವು ಮೈಲಾರಲಿಂಗನ ಒಕ್ಕಲು. ಅರಿಶಿನದ ಪುಡಿಗೆ ಭಂಡಾರ ಅನ್ನುತ್ತೇವೆ, ಅದು ತಗುಲಿದ ಮೇಲೆ ಯಾವ ವಸ್ತುವೂ ಬರೀ ವಸ್ತುವಾಗಿ ಉಳಿಯುವುದಿಲ್ಲ. ಹಾಗಾಗಿ ಸೋಮವಾರ ನಾನು ಶಾಲೆಗೆ ಉಟ್ಟು ಹೋಗುವ ಸೀರೆಯ ನಟ್ಟನಡುವೆ ಉದ್ದಕ್ಕೆ ಒಂದು ಹಳದಿ ಗೆರೆ. ನನ್ನ ಮಕ್ಕಳು, ಅಂದರೆ ತೆಲುಗು ಸೀಮೆಯ ಮಕ್ತಲ್ ಹತ್ತಿರದ ಕನ್ನಡ ಶಾಲೆಯಲ್ಲಿ ನನ್ನ ಹತ್ತಿರ ಅಕ್ಷರ ಕಲಿಯುವವರು, ಅದನ್ನು ಹೊಸ ಡಿಸೈನು ಎಂದು ನಂಬಿದ್ದಾರೆ. ತಿದ್ದುವ ಗೋಜಿಗೆ ಹೋಗಿಲ್ಲ.

ಮೊನ್ನೆ ಮನೆಗೆ ಬಂದ ಹೊಸ ಟೀಚರ್ ಒಬ್ಬರು ಆ ತಂತಿಯನ್ನು ಮುಟ್ಟಿ ನೋಡಿ, "ಇಂಥಾ ತಂತಿ ಎಲ್ಲಿ ಸಿಗ್ತೈತ್ರಿ, ನಮ್ಮನಿಗೂ ಬೇಕಾಗೈತಿ" ಅಂದರು. ಸಿಗುವುದಿಲ್ಲ ಎಂದು ಹೇಳಿ ಚಹಾ ಕೊಟ್ಟು ಕಳಿಸಿದೆ. ಅವರಿಗೆ ಬಸ್ಸಿನ ಅವಸರವಿತ್ತು, ನಿಮಗೆ ಇಲ್ಲವೆಂದುಕೊಂಡು ಹೇಳುತ್ತೇನೆ.

ಮೊದಲು ನನ್ನ ಎದೆಯ ವಿಷಯ ಹೇಳಬೇಕು. ಅದು ಬಹಳ ಬೇಗ ಧಸಕ್ಕೆನ್ನುತ್ತದೆ. ಕುಕ್ಕರ್ ಸೀಟಿ ಹೊಡೆದರೆ, ಫೋನು ನಡುಗಿದರೆ, ಹಿಂದಿನಿಂದ ಯಾರಾದರೂ "ಟೀಚರ್" ಎಂದರೆ ಕೈ ತಾನಾಗಿ ಎದೆಯ ಮೇಲೆ ಹೋಗಿರುತ್ತದೆ. ಇದಕ್ಕೆ ಕಾರಣ ನಾರಾಯಣಪೇಟೆ. ನಮ್ಮಪ್ಪನದು ಉಣ್ಣೆಯ ವ್ಯಾಪಾರ, ಮನೆ ಇದ್ದದ್ದು ಮಾತ್ರ ನೇಕಾರರ ಓಣಿಯಲ್ಲಿ. ಬೆಳಗಾದರೆ ಓಣಿಯ ಈ ತುದಿಯಿಂದ ಆ ತುದಿಗೆ ನೂಲು ಬಿಗಿದು ಕಟ್ಟಿ ಗಂಜಿ ಹಚ್ಚುತ್ತಿದ್ದರು. ಬಿಸಿಲು ಬಿದ್ದರೆ ಓಣಿಯೇ ಬಣ್ಣದ ಗೆರೆಗಳಾಗಿ ಕಾಣುತ್ತಿತ್ತು. ನಾವು ಮಕ್ಕಳು ಗೋಡೆಗೆ ಬೆನ್ನು ಹಚ್ಚಿ, ಹೊಟ್ಟೆ ಒಳಗೆ ಎಳೆದುಕೊಂಡು ಶಾಲೆಗೆ ಹೋಗಬೇಕು. ಒಂದೆಳೆ ಹರಿದರೂ ಎದುರು ಮನೆಯ ಮುದುಕಿ ನಮ್ಮ ಏಳು ತಲೆಮಾರಿನವರನ್ನು ತೆಲುಗಿನಲ್ಲಿ ಎಬ್ಬಿಸುತ್ತಿದ್ದಳು. ಬಿಗಿದು ಕಟ್ಟಿದ್ದು ಯಾವುದನ್ನೇ ಕಂಡರೂ ಇನ್ನೇನು ಹರಿಯುತ್ತದೆ ಎಂಬ ಭಯ ನನಗೆ ಹಾಲಿನ ಜೊತೆಗೇ ಬಂತು. ಪರೀಕ್ಷೆಗಳಿಗೂ ನಾನು ಹಾಗೇ ಹೊಟ್ಟೆ ಒಳಗೆಳೆದುಕೊಂಡೇ ಹೋದವಳು.

ಹರಿದರೆ ಬೈಗುಳ ಎಂದು ಕಲಿತ ನಾನು ಮದುವೆಯಾಗಿ ಬಂದದ್ದು ಹರಿದರೆ ಹಬ್ಬ ಎನ್ನುವ ಮನೆಗೆ. ನಮ್ಮ ಮಾವ ಗೊರವರು. ಮೈಲಾರಲಿಂಗನ ಸೇವೆಯಲ್ಲಿ ಕರಿಕಂಬಳಿ ಹೊದ್ದು, ಡಮರುಗ ಹಿಡಿದು ಕುಣಿಯುವವರು. ಅವರ ಸೇವೆಗಳಲ್ಲಿ ದೊಡ್ಡದು ಸರಪಳಿ ಪವಾಡ. ಕಬ್ಬಿಣದ ಸರಪಳಿಯ ಒಂದು ತುದಿಯನ್ನು ಗೂಟಕ್ಕೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಕೈಗೆ ಸುತ್ತಿಕೊಂಡು, ಕಾಲು ಊರಿ ಜಗ್ಗುತ್ತಾರೆ. ಸರಪಳಿ ತುಂಡಾಗಬೇಕು. ತುಂಡಾದರೆ ದೇವರು ಒಪ್ಪಿದ. ಮದುವೆಯಾದ ಹೊಸತರಲ್ಲಿ, ಮನೆಯ ಅಂಗಳದಲ್ಲಿ ಮೊದಲ ಸಲ ನೋಡಿದಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಟಣ್ ಎಂದು ಸದ್ದಾಯಿತು. ಯಾರು ಯಾರಿಗೆ ಬೈಯುತ್ತಾರೋ ಎಂದು ಕಾದೆ. ಎಲ್ಲರೂ "ಏಳುಕೋಟಿ ಏಳುಕೋಟಿ ಏಳುಕೋಟಿಗೋ" ಎಂದು ಕೂಗಿ ಒಬ್ಬರ ಮೇಲೊಬ್ಬರು ಭಂಡಾರ ಎರಚಿದರು. ಕಣ್ಣು ತೆರೆದರೆ ಇಡೀ ಮನೆ ಹಳದಿ. ನನ್ನ ಗಂಡ, ಗದ್ವಾಲ ಬಸ್ಸಿನ ಕಂಡಕ್ಟರು, ನನ್ನ ಮುಖ ನೋಡಿ ನಗುತ್ತಿದ್ದರು. ನನಗೆ ಮಾತ್ರ ಅಳು ಬಂತು.

ಇಂಥ ಮನೆಗೆ ಒಂದು ದಿನ ದೋಣಿ ಬಂತು.

ಟ್ರ್ಯಾಕ್ಟರ್ ಸದ್ದು ಕೇಳಿ ಶೇಂಗಾ ಬಂತೇನೋ ಎಂದು ಹೊರಗೆ ಬಂದೆ. ಟ್ರೇಲರಿನ ಮೇಲೆ ಬಿಳಿ ದೋಣಿಯೊಂದು ಬೋರಲಾಗಿ ಮಲಗಿತ್ತು. ಅದರ ಪಕ್ಕದಲ್ಲಿ, ಟ್ರೇಲರಿನಿಂದ ಅರ್ಧಕ್ಕರ್ಧ ಹೊರಗೆ ಚಾಚಿಕೊಂಡು, ತುದಿಗೆ ಕೆಂಪು ಬಟ್ಟೆ ಕಟ್ಟಿಸಿಕೊಂಡಿದ್ದ ಉದ್ದನೆಯ ಅಲ್ಯೂಮಿನಿಯಂ ಕಂಬ. ದೋಣಿಯ ಮೇಲೆ ಕುದುರೆ ಹತ್ತಿದಂತೆ ಕುಳಿತವಳು ನನ್ನ ನಾದಿನಿ ಮಾಳಮ್ಮ. ಪಕ್ಕದ ಮನೆಯ ನರ್ಸಮ್ಮ ಬಾಗಿಲಿಗೆ ಬಂದು ತೆಲುಗಿನಲ್ಲಿ, "ಇದೇಂದಮ್ಮಾ, ಇಮಾನಮಾ?" ಎಂದಳು. ವಿಮಾನವಾಗಿದ್ದರೂ ನನಗೆ ಅಷ್ಟು ಆಘಾತವಾಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಆಕಾಶದ ಮೇಲೆ ಯಾರಿಗೂ ಸಿಟ್ಟಿರಲಿಲ್ಲ, ಇದ್ದದ್ದು ನೀರಿನ ಮೇಲೆ.

ಮಾವನಿಗೆ ಹನುಮಂತನೆಂಬ ತಮ್ಮನಿದ್ದನಂತೆ. ಇಬ್ಬರೂ ಕುರಿ ಕಾಯುತ್ತಿದ್ದ ವಯಸ್ಸು. ಕೃಷ್ಣೆ ತುಂಬಿದ್ದಾಗ ಹಿಂಡನ್ನು ಆಚೆ ದಡಕ್ಕೆ ದಾಟಿಸಬೇಕಾಗಿ ಬಂದು, ಮರಿಗಳನ್ನು ಹರಿಗೋಲಿಗೆ ಹಾಕಿ ತಮ್ಮ ಮುಂದೆ ಹೋದ. ಮಾವ ದೊಡ್ಡ ಕುರಿಗಳನ್ನು ಹಿಡಿದು ದಡದಲ್ಲಿ ನಿಂತಿದ್ದರು. ನಡು ಹೊಳೆಯಲ್ಲಿ ಹರಿಗೋಲು ಮಗುಚಿತು. ಮನೆಯಲ್ಲಿ ಈ ಕಥೆಯನ್ನು ಯಾರೂ ಇಷ್ಟಕ್ಕಿಂತ ಹೆಚ್ಚು ಹೇಳಿದ್ದಿಲ್ಲ. ಅಂದಿನಿಂದ ಮಾವ ಹೊಳೆಗೆ ಕಾಲಿಟ್ಟವರಲ್ಲ. ದೇವರನ್ನು ಹೊಳೆಗೆ ಕರೆದೊಯ್ದು ಗಂಗಾಪೂಜೆ ಮಾಡುವಾಗಲೂ ಅವರು ದಡದ ಮೇಲಿನ ಕರಿಜಾಲಿಯ ಹತ್ತಿರ ನಿಲ್ಲುತ್ತಾರೆ, ಯಾರಾದರೂ ಒಂದು ತಂಬಿಗೆ ನೀರು ತಂದು ಅವರ ಕಾಲಿಗೆ ಹಾಕುತ್ತಾರೆ.

ಇಂಥವರ ಮಗಳು ಮಾಳಮ್ಮ ಹೈದರಾಬಾದಿನಲ್ಲಿ ಕಾಲೇಜು ಓದುವಾಗ ಎನ್‌ಸಿಸಿ ಸೇರಿದಳು. ನೌಕಾದಳದ ಎನ್‌ಸಿಸಿ. ಊರ ನಡುವಿನ ಕೆರೆಯಲ್ಲಿ ಹಾಯಿದೋಣಿ ನಡೆಸಲು ಕಲಿತಳು, ಮನೆಗೆ ಮಾತ್ರ "ಪರೇಡ್ ಐತಿ" ಎನ್ನುತ್ತಿದ್ದಳು. ಯಾವುದೋ ಪತ್ರಿಕೆಯಲ್ಲಿ ಫೋಟೋ ಬಂತು. ಅವಳ ಅಣ್ಣ, ಅಂದರೆ ನಮ್ಮ ಮನೆಯವರೇ, ಬಸ್ಸಿನಲ್ಲಿ ಸಿಕ್ಕ ಪತ್ರಿಕೆ ತಂದು ಹೆಮ್ಮೆಯಿಂದ ತೋರಿಸಿಬಿಟ್ಟರು. ಮಾವ ಊಟ ಬಿಟ್ಟರು. ಮಾಳಮ್ಮ ಓಡಿ ಬಂದು, ಅಪ್ಪ ಹೂಂ ಅನ್ನದೆ ನೀರಿಗಿಳಿಯುವುದಿಲ್ಲ ಎಂದು ಭಂಡಾರ ಮುಟ್ಟಿ ಆಣೆ ಮಾಡಿದಳು. ಆಮೇಲೆ ಅವಳು ಓದು ಮುಗಿಸಿದಳು, ನಮ್ಮೂರ ಹೈಸ್ಕೂಲಿಗೆ ಆಟದ ಟೀಚರಾಗಿ ಬಂದಳು, ಮಕ್ಕಳಿಗೆ ಖೋಖೋ ಆಡಿಸಿದಳು. ಎಲ್ಲ ಮರೆತಿದ್ದಾಳೆ ಎಂದುಕೊಂಡಿದ್ದೆ. ಹೈದರಾಬಾದಿನಲ್ಲಿ ಯಾರೋ ಮೂಲೆಗೆ ಹಾಕಿದ್ದ ಹಳೆಯ ದೋಣಿ ಸಿಗುತ್ತದೆ ಎಂದು ಗೊತ್ತಾಗಿದ್ದೇ ತಡ, ಹೋಗಿ ಹೇರಿಸಿಕೊಂಡು ಬಂದುಬಿಟ್ಟಳು.

"ಆಣಿ ಮಾಡಿದ್ದಿ" ಎಂದೆ, ಗುಟ್ಟಾಗಿ.

"ನೀರಿಗೆ ಇಳಿಯಂಗಿಲ್ಲ ಅಂತ ಮಾಡೀನಿ ಅತ್ತಿಗಿ. ದೋಣಿ ತರಂಗಿಲ್ಲ ಅಂತ ಮಾಡಿಲ್ಲ."

"ಮತ್ತ ಇದನ್ನ ಏನು ಮಾಡ್ತಿ? ಶೇಂಗಾ ಒಣಹಾಕ್ತಿ?"

ಅವಳು ನಗಲಿಲ್ಲ. "ನೀರಿನ ಮ್ಯಾಲ ಹೋದಾಗ ನನ್ನ ತಲಿ ಹಗುರ ಆಗ್ತೈತಿ ಅತ್ತಿಗಿ. ಬ್ಯಾರೆ ಎಲ್ಲೂ ಹಂಗ ಆಗಂಗಿಲ್ಲ. ಕೇಳ್ತೀನಿ, ಅಪ್ಪನ್ನ ಕೇಳಿಯೇ ಹೋಗ್ತೀನಿ. ಮೊದ್ಲ ದೋಣಿ ತಯಾರಾಗ್ಲಿ."

ದೋಣಿ ಅಂಗಳದಲ್ಲಿ ಗೋಡೆಯ ನೆರಳಿಗೆ ಕುಳಿತಿತು. ಕಂಬಕ್ಕೆ ಜಾಗವಿರಲಿಲ್ಲ. ಹೊರಗೆ ಹಾಕಿದರೆ ಲಾರಿ ಹಾಯುತ್ತದೆ. ಕೊನೆಗೆ ಬುಡ ಪಡಸಾಲೆಯಲ್ಲಿ, ನಡು ದೇವರ ಮನೆಯ ಮುಂದೆ, ತುದಿ ಅಡುಗೆಮನೆಯ ಕಿಟಕಿಯಿಂದ ಹಿತ್ತಲಿಗೆ. ಸೊಂಟದೆತ್ತರಕ್ಕೆ ಸ್ಟೂಲುಗಳ ಮೇಲೆ ಮಲಗಿಸಿದ್ದರಿಂದ ನಾವು ಅದರ ಕೆಳಗೆ ಬಗ್ಗಿ ಓಡಾಡತೊಡಗಿದೆವು. ನಮ್ಮ ಮನೆಯವರು ರಾತ್ರಿ ಡ್ಯೂಟಿಯಿಂದ ಬಂದು ಕಂಬ ಹಿಡಿದುಕೊಂಡು, "ಮುಂದಕ್ ನಡೀರಿ, ಒಳಗ ಜಾಗಾ ಐತಿ" ಎಂದು ತಮ್ಮಷ್ಟಕ್ಕೆ ಹೇಳಿ ಊಟಕ್ಕೆ ಕೂರುತ್ತಿದ್ದರು. ನನ್ನ ಹಣೆಗೆ ಎಷ್ಟು ಸಲ ಬಡಿಯಿತೋ. ಮಾವ ಮಾತ್ರ ಆ ಕಂಬದ ಕೆಳಗೆ ಒಮ್ಮೆಯೂ ನುಸುಳಲಿಲ್ಲ. ಹಿತ್ತಲಿಗೆ ಹೋಗಬೇಕಾದರೆ ಓಣಿ ಸುತ್ತಿ ಬರುತ್ತಿದ್ದರು. ಅದೇ ಅವರ ಉತ್ತರ ಎಂದು ನಮಗೆಲ್ಲ ಗೊತ್ತಿತ್ತು.

ಮಾಳಮ್ಮ ಶಾಲೆ ಬಿಟ್ಟು ಬಂದವಳೇ ಕಂಬಕ್ಕೆ ಕೂರುತ್ತಿದ್ದಳು. ಮಗುವಿಗೆ ಎರೆದಂತೆ ಸೋಪಿನ ನೀರಿನಲ್ಲಿ ತೊಳೆದಳು. ಎಲ್ಲಿಯಾದರೂ ಬಿರುಕು ಇದೆಯೇ ಎಂದು ಬ್ಯಾಟರಿ ಬಿಟ್ಟು ಇಂಚಿಂಚು ನೋಡಿದಳು. ತುದಿಯಲ್ಲೊಂದು ಚಿಕ್ಕ ಗಾಲಿ, ಅದರ ಮೇಲೆ ಹಾಯಿ ಎತ್ತುವ ಹಗ್ಗ ಹಾಯಬೇಕು. ಅದು ತಿರುಗಲೊಲ್ಲದು. ಬಿಚ್ಚಿದರೆ ಒಳಗೆ ಕಣಜ ಕಟ್ಟಿದ ಮಣ್ಣಿನ ಗೂಡು. ಗದ್ವಾಲದ ಲೇತ್ ಅಂಗಡಿಯಲ್ಲಿ ಹೊಸ ಮೊಳೆ ಮಾಡಿಸಿ ಹಾಕಿದಳು. ಅವಳ ಬೆರಳುಗಳನ್ನು ನೋಡುತ್ತ ನಾನು ತರಕಾರಿ ಹೆಚ್ಚುವುದು ಮರೆಯುತ್ತಿದ್ದೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ, ಈ ಹುಡುಗಿ ಯಾವುದನ್ನಾದರೂ ಇಷ್ಟು ಪ್ರೀತಿಯಿಂದ ಮುಟ್ಟಿದ್ದನ್ನು ನಾನು ನೋಡಿರಲಿಲ್ಲ. ಅದನ್ನು ನೋಡಿ ನನ್ನ ಎದೆ ಬೇರೆ ರೀತಿಯಲ್ಲಿ ಧಸಕ್ಕೆಂದಿತು.

"ಈ ಕಂಬ ದೋಣಿಯಾಗ ಹೂಳಂಗಿಲ್ಲ ಏನು?" ಎಂದು ಕೇಳಿದೆ.

"ಸುಮ್ಮನ ಒಂದು ಕುಳಿಯಾಗ ಇಡೋದು ಅತ್ತಿಗಿ. ನಿಂದರಸೋದು ಈ ತಂತಿಗಳು. ಎಡಕ್ಕೊಂದು, ಬಲಕ್ಕೊಂದು, ಮುಂದೊಂದು. ಮೂರೂ ಸಮ ಜಗ್ಗಿದ್ರ ಕಂಬ ನೆಟ್ಟಗ. ಒಂದು ಕೈಬಿಟ್ರ ಮಲಗಿಬಿಡ್ತೈತಿ."

"ಮಲಗಿದ್ರ ನಿನ್ನ ಮ್ಯಾಲ ಅಲ್ಲನ ಮಲಗೋದು?"

"ಅದಕ್ಕ ನೋಡಾಕತ್ತೀನಲ್ಲ."

ನೋಡುವ ರೀತಿ ಹೀಗೆ. ನನ್ನ ಹಳೆಯ ನಾರಾಯಣಪೇಟೆ ಸೀರೆಯ ತುಂಡೊಂದನ್ನು ತಂತಿಯ ಸುತ್ತ ಹಿಡಿದು ಮೆಲ್ಲಗೆ ಉದ್ದಕ್ಕೆ ಸವರುತ್ತ ಹೋಗುವುದು. ಕೂದಲಿನಂಥ ಎಳೆಗಳನ್ನು ಹುರಿ ಮಾಡಿ ಆ ತಂತಿ ಆಗಿರುತ್ತದೆ. ಎಲ್ಲಿಯಾದರೂ ಒಂದೆಳೆ ತುಂಡಾಗಿದ್ದರೆ ಅದರ ಮೊನೆ ಅರಿವೆಗೆ ಸಿಕ್ಕಿಕೊಳ್ಳುತ್ತದೆ. ಅರಿವೆ ಎಲ್ಲೂ ಸಿಕ್ಕಲಿಲ್ಲ. ಮೂರೂ ತಂತಿಗಳ ಮೇಲೆ ಸರ್ರನೆ ಹೋಯಿತು. ತಂತಿಯ ತುದಿಯಲ್ಲಿ ಒಂದು ಪುಟ್ಟ ಸ್ಟೀಲ್ ಕೊಳವೆ, ತಂತಿಯನ್ನು ಅದರೊಳಗೆ ತೂರಿಸಿ ಯಂತ್ರದಲ್ಲಿ ಅಮುಕಿರುತ್ತಾರೆ. ಅದನ್ನೂ ಬ್ಯಾಟರಿ ಬಿಟ್ಟು ನೋಡಿದಳು. ಕೊಳವೆಯ ಬಾಯಲ್ಲಿ ಹಳದಿ ಬಣ್ಣ ಕೂತಿತ್ತು.

ಹಳದಿ ಕೂತಿರದ ಜಾಗ ನಮ್ಮ ಮನೆಯಲ್ಲಿ ಎಲ್ಲಿದೆ ಹೇಳಿ. ಫ್ರಿಜ್ಜಿನ ಬಾಗಿಲು, ಗ್ಯಾಸ್ ಸಿಲಿಂಡರು, ಮಿಕ್ಸಿ, ನಮ್ಮ ಮನೆಯವರ ಟಿಕೆಟ್ ಮಷೀನು, ನನ್ನ ಹಾಜರಿ ಪುಸ್ತಕದ ರಟ್ಟು. ಸೂರಿನ ಕೆಳಗೆ ಇರುವುದೆಲ್ಲ ಮೈಲಾರಪ್ಪನದು ಎಂಬುದು ಮಾವನ ಲೆಕ್ಕ. ದೋಣಿಯ ಮೇಲೆ ಎಷ್ಟೇ ಸಿಟ್ಟಿದ್ದರೂ ಭಾನುವಾರ ಭಂಡಾರದ ಬಟ್ಟಲು ಹಿಡಿದು ಬಂದಾಗ ಅದನ್ನು ಬಿಡಲಿಲ್ಲ. ಮುಖ ಆ ಕಡೆ ತಿರುಗಿಸಿ ಕೈಯನ್ನು ಮಾತ್ರ ಈ ಕಡೆ ಚಾಚಿ ಕಂಬಕ್ಕೆ, ತಂತಿಗೆ, ತಂತಿಯ ತುದಿಗೆ, ಎಲ್ಲಕ್ಕೂ ಹಚ್ಚಿ ಹೋಗುತ್ತಿದ್ದರು.

ಕೇಳುವ ದಿನ ಬಂತು. ಮಾವ ಅಂಗಳದಲ್ಲಿ ಕಂಬಳಿ ಹಾಸಿ ಕುಳಿತು ಎಲೆ ಹಾಕಿಕೊಳ್ಳುತ್ತಿದ್ದರು. ಮಾಳಮ್ಮ ಹೋಗಿ ಎದುರಿಗೆ ಕುಳಿತಳು. ನಾನು ಹೊಸ್ತಿಲಲ್ಲಿ ನಿಂತು, ಅನಾಹುತ ನಡೆಯುವ ಮೊದಲೇ ಎದೆಯ ಮೇಲೆ ಕೈ ಇಟ್ಟುಕೊಂಡೆ.

"ಅಪ್ಪಾ, ದೋಣಿ ತಯಾರಾಗೈತಿ. ನೀ ಹೂಂ ಅಂದ್ರ ಹೋಗ್ತೀನಿ."

ಮಾವ ಸುಣ್ಣ ಹಚ್ಚುವುದನ್ನು ಮುಗಿಸಿದರು. ಎಲೆ ಮಡಚಿದರು. ಬಾಯಿಗೆ ಹಾಕಿಕೊಳ್ಳಲಿಲ್ಲ.

"ಆ ದೋಣಿಯಾಗ ನಿನ್ನ ಜೀವ ಯಾತರ ಮ್ಯಾಲ ನಿಂತೈತಿ?"

ಮಾಳಮ್ಮ ತಡವರಿಸಿದಳು. "ಕಂಬದ ಮ್ಯಾಲ. ಕಂಬ ತಂತಿ ಮ್ಯಾಲ."

"ಒಂದು ತಂತಿ ಬಿಚ್ಚಿ ತಗೊಂಬಾ. ನಾ ಜಗ್ಗತೀನಿ. ಹರಿದ್ರ ಮೈಲಾರಪ್ಪ ಹೋಗು ಅಂದಂಗ. ಹರೀಲಿಲ್ಲಂದ್ರ ಅದು ತಂದಲ್ಲೇ ವಾಪಸ್ ಹೋಗಬೇಕು. ಮತ್ತ ಈ ಮನಿಯಾಗ ನೀರಿನ ಮಾತು ಆಡಬಾರದು."

ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಹರಿದರೆ ದೇವರು ಹೋಗು ಎಂದಂತೆ, ಆದರೆ ಹರಿಯುವ ತಂತಿ ಕಟ್ಟಿದ ದೋಣಿಯಲ್ಲಿ ಯಾರು ಹೋಗುತ್ತಾರೆ. ಹರಿಯದಿದ್ದರೆ ದೋಣಿ ಗಟ್ಟಿಮುಟ್ಟು, ಆದರೆ ದೇವರು ಬೇಡ ಅಂದಿದ್ದಾನೆ. ಪ್ರಪಂಚದಲ್ಲಿ ದೋಣಿ ನಡೆಸುವ ಬೇರೆ ಯಾರ ಮನೆಯಲ್ಲೂ ಇಂಥ ಪರೀಕ್ಷೆ ನಡೆದಿರಲಾರದು.

ಮಾಳಮ್ಮ ಮುಂದಕ್ಕೆ ಬಾಗಿದಳು. "ಅಪ್ಪಾ, ಅದು ಸ್ಟೀಲ್ ತಂತಿ. ಆನಿ ಜಗ್ಗಿದ್ರೂ ಹರಿಯಂಗಿಲ್ಲ. ನಿನ್ನ ಸರಪಳಿ ಜಗ್ಗು, ನಾ ಒಪ್ಕೊಂತೀನಿ."

"ಸರಪಳಿ ಮ್ಯಾಲ ನಿನ್ನ ಜೀವ ನಿಂತಿಲ್ಲ."

ಅವಳು ಎದ್ದು ಹೋಗಿ ಬಲಗಡೆಯ ತಂತಿ ತಂದಳು. ಸೋತವರ ನಡಿಗೆ ಹೇಗಿರುತ್ತದೆಂದು ನನಗೆ ಗೊತ್ತು, ಫಲಿತಾಂಶದ ದಿನ ಶಾಲೆಯಲ್ಲಿ ನೋಡಿದ್ದೇನೆ. ಮಾವ ಕರಿಕಂಬಳಿ ಹೊದ್ದು ಬಂದರು. ತಂತಿಯ ಒಂದು ತುದಿಯನ್ನು ದನ ಕಟ್ಟುವ ಕಲ್ಲುಗೂಟಕ್ಕೆ ಕೊಂಡಿ ಹಾಕಿಸಿ, ಇನ್ನೊಂದು ತುದಿಗೆ ಕಟ್ಟಿಗೆಯ ಹಿಡಿಕೆ ಸಿಕ್ಕಿಸಿದರು. ಭಂಡಾರ ಹಚ್ಚಿದರು. ನರ್ಸಮ್ಮ ಗೋಡೆಯ ಮೇಲಿನಿಂದ ಇಣುಕಿದಳು. ಮಾವ ಕಣ್ಣು ಮುಚ್ಚಿ ಏನೋ ಹೇಳಿಕೊಂಡರು, ತುಟಿ ಆಡುವುದು ಕಾಣುತ್ತಿತ್ತು. ಆಮೇಲೆ ಹಿಮ್ಮಡಿ ನೆಲಕ್ಕೆ ಊರಿ ಹಿಂದಕ್ಕೆ ವಾಲಿದರು. ಮೊದಲ ಜಗ್ಗಿಗೆ ತಂತಿ ಝುಂ ಎಂದಿತು. ಎರಡನೆಯದಕ್ಕೆ ಅವರ ಕುತ್ತಿಗೆಯ ನರಗಳು ಎದ್ದು ನಿಂತವು. ವಯಸ್ಸಾದವರು, ಎದೆ ಒಡೆದುಕೊಂಡಾರು ಎಂದು ಬೇಡಿಕೊಳ್ಳಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮೂರನೆಯದು. ಪಟ್ ಎಂದು ಸದ್ದಾಗಿ ಮಾವ ಅಂಗಾತ ಬಿದ್ದರು.

ಯಾರೂ ಏಳುಕೋಟಿ ಎನ್ನಲಿಲ್ಲ. ನರ್ಸಮ್ಮ ಅರ್ಧ ಎತ್ತಿದ್ದ ಕೈ ಹಾಗೇ ಉಳಿಯಿತು.

ಮಾವ ಬಿದ್ದಲ್ಲಿಂದ ಏಳದೆ ಮಗಳ ಮುಖ ನೋಡುತ್ತಿದ್ದರು. ಮಾಳಮ್ಮ ತುಂಡಾದ ತುದಿಯನ್ನು ಎತ್ತಿಕೊಂಡಳು. ತಂತಿ ಹರಿದದ್ದು ನಡುವೆ ಅಲ್ಲ, ತುದಿಯ ಕೊಳವೆಯ ಬಾಯಲ್ಲಿ. ಅವಳು ಅದನ್ನು ಹೆಬ್ಬೆರಳಿನಿಂದ ಉಜ್ಜಿದಳು. ಭಂಡಾರ ಹೋಯಿತು. ಒಳಗೆ ಕಂದುಬಣ್ಣ. ಒಳಗಿನ ಎಳೆಗಳೆಲ್ಲ ಸುಟ್ಟ ಶಾವಿಗೆಯಂತಾಗಿದ್ದವು, ಅಂಚಿನ ನಾಲ್ಕಾರು ಎಳೆಗಳು ಮಾತ್ರ ಹೊಸದಾಗಿ ಹೊಳೆಯುತ್ತಿದ್ದವು. ಇಷ್ಟು ದಿನ ಹಿಡಿದುಕೊಂಡಿದ್ದವು ಅವೇ.

"ತುಕ್ಕು ಐತಿ" ಎಂದಳು. "ಕೊಳವಿಯಾಗ ನೀರು ನಿಂತು ತುಕ್ಕು ಹಿಡದೈತಿ. ಬಾಯಾಗ ಕಲಿ ಕಂಡಿತ್ತು ಅತ್ತಿಗಿ. ನಾ ನೋಡಿದ್ದೆ. ಭಂಡಾರ ಅನ್ಕೊಂಡೆ."

ಬೇರೆ ಯಾರೇ ಆಗಿದ್ದರೂ ಸ್ಟೀಲಿನ ಮೇಲೆ ಹಳದಿ ಕಂಡರೆ ಗಾಬರಿಯಾಗುತ್ತಿದ್ದರು. ಈ ಮನೆಯಲ್ಲಿ ಹುಟ್ಟಿದವಳಿಗೆ ಹಳದಿ ಕಂಡರೆ ಧೈರ್ಯ ಬಂದಿತ್ತು. ಗಾಳಿ ಜೋರಾಗಿದ್ದಾಗ, ನಡು ನೀರಿನಲ್ಲಿ, ಈ ಪಟ್ ಎಂಬ ಸದ್ದು ಅವಳ ತಲೆಯ ಮೇಲೆ ಕೇಳಿಸಿದ್ದರೆ ಎಂದು ನೆನೆದು ನಾನು ಹೊಸ್ತಿಲು ಇಳಿದು ಅವಳ ಹತ್ತಿರ ಓಡಿದೆ. ನನ್ನ ಧಸಕ್ಕುಗಳೆಲ್ಲ ಅಲ್ಲಿಯವರೆಗೆ ಬರೀ ಆಟವಾಗಿದ್ದವು.

ಮಾವ ಎದ್ದರು. ಕಂಬಳಿ ಕೊಡವಿದರು. ಮಗಳ ತಲೆಯ ಮೇಲೆ ಕೈ ಇಟ್ಟು, "ಹೂಂ" ಅಂದರು. ಅಷ್ಟೇ ಅಂದು ಓಣಿ ಸುತ್ತಿ ಹಿತ್ತಲಿಗೆ ಹೋದರು. ಆ ರಾತ್ರಿ ಅವರು ಉಣ್ಣಲಿಲ್ಲ. ದೇವರು ಒಪ್ಪಿದ ದಿನ ಊಟ ಬಿಡುವುದು ಯಾವ ಪದ್ಧತಿ ಎಂದು ನನಗೆ ಅರ್ಥವಾಗಲಿಲ್ಲ.

ಹರಿದ ತಂತಿಯಷ್ಟೇ ಅಲ್ಲ, ಮೂರೂ ತೆಗೆದು ಹೊಸವು ಹಾಕಬೇಕು ಎಂದಳು ಮಾಳಮ್ಮ. ಒಂದು ಕೊಳೆತಿದ್ದರೆ ಉಳಿದವನ್ನು ನಂಬುವಂತಿಲ್ಲ. ಹೈದರಾಬಾದಿನ ಗೆಳತಿಯೊಬ್ಬಳು ಅಳತೆಗೆ ಸರಿಯಾಗಿ ತಂತಿ ಮಾಡಿಸಿ ಬಸ್ಸಿನಲ್ಲಿ ಕಳಿಸಿದಳು. ಬಂದ ದಿನವೇ ಮಾಳಮ್ಮ ಅಪ್ಪನ ಮುಂದೆ ಹೋಗಿ, "ಅಪ್ಪಾ, ಇವಕ್ಕ ಮಾತ್ರ ಹಚ್ಚಬ್ಯಾಡ. ದೋಣಿಗೆ ಹಚ್ಚು, ನನ್ನ ಹಣಿಗೆ ಹಚ್ಚು" ಅಂದಳು. ಮಾವ ಬಟ್ಟಲು ಹಿಂದಕ್ಕೆ ಎಳೆದುಕೊಂಡರು. ಈ ಮನೆಗೆ ಬಂದ ಮೇಲೆ ಭಂಡಾರವಿಲ್ಲದ ವಸ್ತುವನ್ನು ನಾನು ನೋಡಿದ್ದು ಅದೇ ಮೊದಲು. ಹಳೆಯ ಎಡಗಡೆಯ ತಂತಿಯ ತುದಿಗಳನ್ನು ಕತ್ತರಿಸಿ ಹಿತ್ತಲಿನಲ್ಲಿ ಕಟ್ಟಿಕೊಂಡೆ. ಸೀರೆಯ ಭಾರಕ್ಕೆ ಅದು ಸಾಕು.

ಕೃಷ್ಣೆಗೆ ಕಟ್ಟಿದ ಜೂರಾಲ ಅಣೆಕಟ್ಟು ಇರುವುದು ಧರೂರಿನ ಕಡೆ. ಅದರ ಹಿನ್ನೀರು ನಮ್ಮ ಕಡೆ ಬಹಳ ದೂರದವರೆಗೆ ಚಾಚಿಕೊಂಡಿದೆ. ಒಂದು ಭಾನುವಾರ ಬೆಳಗ್ಗೆ ದೋಣಿಯನ್ನು ಅದೇ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಗಂಗಾಪೂಜೆ ನಡೆಯುವ ದಡಕ್ಕೆ ಹೋದೆವು. ಮಾವನೂ ಬಂದರು. ಬರುತ್ತೇನೆ ಎಂದು ಹೇಳಲಿಲ್ಲ, ಎಲ್ಲರಿಗಿಂತ ಮೊದಲೇ ಹೋಗಿ ಟ್ರೇಲರಿನಲ್ಲಿ ಕುಳಿತಿದ್ದರು.

ದಡದಲ್ಲಿ ಕಂಬ ನಿಲ್ಲಿಸಿದೆವು. ನಮ್ಮ ಮನೆಯವರು ಬುಡ ಅದುಮಿ ಹಿಡಿದರು, ಟ್ರ್ಯಾಕ್ಟರಿನವನು ಹಿಂದಿನಿಂದ ಎತ್ತಿದ, ನಾನು ಮುಂದಿನ ತಂತಿ ಹಿಡಿದು ಜಗ್ಗಿದೆ. ಕಂಬ ಎದ್ದು ಆಕಾಶಕ್ಕೆ ಹೋಗಿ ನಿಂತಾಗ, ನಮ್ಮ ಪಡಸಾಲೆಯಲ್ಲಿ ನನ್ನ ಹಣೆಗೆ ಬಡಿಯುತ್ತಿದ್ದುದು ಇದೇನಾ ಎಂದು ಬೆರಗಾಯಿತು. ಮಾಳಮ್ಮ ತುದಿಯಿಂದ ಇಳಿಬಿದ್ದ ಹಗ್ಗವನ್ನು ದೋಣಿಯ ಎಡ ಅಂಚಿಗೆ ತಂದು ಗುರುತು ಹಾಕಿದಳು, ಅದೇ ಹಗ್ಗವನ್ನು ಬಲ ಅಂಚಿಗೆ ತಂದು ನೋಡಿದಳು. ಬೆರಳಗಲ ವ್ಯತ್ಯಾಸ, ಅಂದರೆ ಕಂಬ ಬಲಕ್ಕೆ ವಾಲಿದೆ. ಎಡಗಡೆಯ ತಂತಿಯ ಬುಡದ ತಿರುಪನ್ನು ಇಷ್ಟು ಬಿಗಿದಳು, ಮತ್ತೆ ಅಳೆದಳು. ಕಂಬಕ್ಕೆ ಕೆನ್ನೆ ಹಚ್ಚಿ ಒಂದು ಕಣ್ಣು ಮುಚ್ಚಿ ಮೇಲೆ ನೋಡಿದಳು, ಬಾಗಿದೆಯೋ ಎಂದು. ಎರಡೂ ಕಡೆಯ ತಂತಿಯನ್ನು ಬೆರಳಿನಿಂದ ಮೀಟಿ ಕಿವಿಗೊಟ್ಟಳು. ಎಲ್ಲ ತಿರುಪುಗಳಿಗೂ ತಡೆಮೊಳೆ ಸಿಕ್ಕಿಸಿ ಟೇಪು ಸುತ್ತಿದಳು. "ಈಗ ಸಮ ಅದಾವು" ಎಂದಳು. "ಆದ್ರ ಗಾಳಿ ತುಂಬಿದಾಗ ಗಾಳಿ ಕಡೀದು ಬಿಗೀತೈತಿ, ಆಚಿ ಕಡೀದು ಸಡ್ಲ ಆಗ್ತೈತಿ. ಅತ್ತಿಗಿ, ಅದನ್ನ ನೋಡಿ ಚೀರಬ್ಯಾಡ."

ಅವಳು ಹಾಯಿ ಬಿಚ್ಚುವಾಗ ನಾನು ಮಾವನ ಹತ್ತಿರ ಹೋದೆ. ಅವರು ಎಂದಿನ ಕರಿಜಾಲಿಯ ಬುಡದಲ್ಲಿ ಕೋಲು ಊರಿ ನಿಂತಿದ್ದರು. ಎಷ್ಟೋ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದೆ.

"ಮಾವಾ, ಅವತ್ತು ಜಗ್ಗೂ ಮುಂದ ಏನು ಬೇಡಿಕೊಂಡ್ರೀ?"

ಅವರು ಹೊಳೆಯ ಕಡೆಯಿಂದ ಕಣ್ಣು ತೆಗೆಯಲಿಲ್ಲ. "ಹರೀಬಾರದಪ್ಪ ಅಂತ ಬೇಡಿಕೊಂಡೆ."

"ಏನಂದ್ರಿ?"

"ಆಕೀನೇ ಹೇಳಿದ್ಲಲ್ಲವ್ವ, ಆನಿ ಜಗ್ಗಿದ್ರೂ ಹರಿಯಂಗಿಲ್ಲ ಅಂತ. ನನಗೂ ಗೊತ್ತಿತ್ತು. ಗೊತ್ತಿದ್ದೇ ಆ ತಂತೀನ ಕೇಳಿದ್ದೆ. ಹರಿಯಂಗಿಲ್ಲ, ಮಗಳು ಮನಿಯಾಗ ಉಳೀತಾಳ ಅಂತ."

"ಮತ್ತ ಹಂಗ್ಯಾಕ ಜಗ್ಗಿದ್ರಿ? ಮೆಲ್ಲಕ ಜಗ್ಗಬೇಕಾಗಿತ್ತು."

"ಅವನ ಹೆಸರು ಹೇಳಿ ಕೈ ಹಾಕಿದ ಮ್ಯಾಲ ಸುಳ್ಳ ಜಗ್ಗಾಕ ಬರಂಗಿಲ್ಲವ್ವ" ಎಂದರು. "ಇದ್ದ ತಾಕತ್ತೆಲ್ಲ ಹಾಕಿ ಜಗ್ಗಿದೆ."

ಬಾಯಲ್ಲಿ ಹರಿಯಬಾರದು ಎಂದು ಬೇಡುತ್ತ, ಕೈಯಲ್ಲಿ ಹರಿಯಲೆಂದು ಜಗ್ಗಿದ ಆ ಮನುಷ್ಯನನ್ನು ಇಷ್ಟು ವರ್ಷ ನಾನು ಹಠಮಾರಿ ಎಂದಷ್ಟೇ ತಿಳಿದಿದ್ದೆ. ಆ ರಾತ್ರಿಯ ಊಟದ ತಟ್ಟೆ ಯಾಕೆ ಹಾಗೇ ಉಳಿಯಿತೆಂದು ಈಗ ಗೊತ್ತಾಯಿತು.

ಮಾಳಮ್ಮ ಕೇಸರಿ ಬಣ್ಣದ ತೇಲುವ ಅಂಗಿ ಹಾಕಿಕೊಂಡು ಬಂದು ಅಪ್ಪನ ಕಾಲು ಮುಟ್ಟಿದಳು. ಅವರು ಹಣೆಗೆ ಭಂಡಾರ ಹಚ್ಚಿದರು. ನಮ್ಮ ಮನೆಯವರು ದೋಣಿಯನ್ನು ನೀರಿಗೆ ತಳ್ಳಿದರು. ಹಾಯಿ ಮೊದಲು ಪಟಪಟ ಬಡಿದುಕೊಂಡಿತು. ಆಮೇಲೆ ಒಮ್ಮೆಗೇ ತುಂಬಿತು. ದೋಣಿ ಯಾರೋ ಕರೆದಂತೆ ಹೊರಟುಬಿಟ್ಟಿತು. ಅಷ್ಟು ಬೇಗ ಹೋಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನೋಡನೋಡುತ್ತ ಮಾಳಮ್ಮ ಒಂದು ಕೇಸರಿ ಚುಕ್ಕೆಯಾದಳು. ದೂರದಲ್ಲಿ ಗಾಳಿ ಬಿರುಸಾಗಿ ಬೀಸಿ ಕಂಬ ಪೂರ್ತಿ ಒಂದು ಕಡೆಗೆ ವಾಲಿತು. ಅವಳು ಹೇಳಿದ್ದೆಲ್ಲ ಮರೆತು ನಾನು ಚೀರಿದೆ. ಚೀರಿ, ಬೈಯುತ್ತಾರೇನೋ ಎಂದು ಮಾವನ ಕಡೆ ತಿರುಗಿದೆ.

ಜಾಲಿಯ ಬುಡದಲ್ಲಿ ಕೋಲು ಮತ್ತು ಕಂಬಳಿ ಮಾತ್ರ ಇದ್ದವು.

ಮಾವ ನೀರಿನಲ್ಲಿದ್ದರು. ಯಾವಾಗ ಇಳಿದರೋ, ಎದೆಮಟ್ಟದ ನೀರಿನಲ್ಲಿ ಎರಡೂ ಕೈ ಮುಂದಕ್ಕೆ ಚಾಚಿ ನಿಂತಿದ್ದರು. ಪಂಚೆ ಸುತ್ತಲೂ ತೇಲುತ್ತಿತ್ತು.

"ಮಾವಾ, ನಿಮಗ ಈಜಾಕ ಬರಂಗಿಲ್ಲಲ್ರೀ."

ಅವರು ತಿರುಗಲಿಲ್ಲ. ಕಣ್ಣು ಆ ಕೇಸರಿ ಚುಕ್ಕೆಯ ಮೇಲೇ ಇತ್ತು.

"ಬರಂಗಿಲ್ಲವ್ವ" ಎಂದರು. "ಆಕಿ ಬಿದ್ರ ಇಲ್ಲೀತನಾನರ ಬಂದಿರ್ತೀನಿ. ಹನುಮ ಬಿದ್ದಾಗ ಇಷ್ಟೂ ಬಂದಿರಲಿಲ್ಲ."

ಈಜು ನನಗೂ ಬರುವುದಿಲ್ಲ. ಸೀರೆ ಎತ್ತಿ ಕಟ್ಟಿ ಇಳಿದು ಹೋಗಿ ಅವರ ರಟ್ಟೆ ಹಿಡಿದುಕೊಂಡೆ. ದೋಣಿ ತಿರುಗಿ ಬರುವ ತನಕ ಇಬ್ಬರೂ ಹಾಗೇ ನಿಂತಿದ್ದೆವು.